ಸೂಜಿ ಚುಚ್ಚಿದರೆ ಏನು, ಮಳೆಗಾಲದಲ್ಲಿ ಬ್ಲೀಚಿಂಗ್ ಪುಡಿ ನಂಬಬಹುದಾ: ಆಸ್ಪತ್ರೆ ಸಿಬ್ಬಂದಿಯ ಪ್ರಶ್ನೋತ್ತರ

ಪ್ರಶ್ನೆ (ಸ್ಟಾಫ್ ನರ್ಸ್, ಹೊಸನಗರ ಕಡೆ): ಮೇಡಂ, ಬಳಸಿದ ಸೂಜಿ ಬೆರಳಿಗೆ ಚುಚ್ಚಿದರೆ ಹಿಂಡಿ ರಕ್ತ ತೆಗೆದು ಸ್ಪಿರಿಟ್ ಹಚ್ಚಬೇಕು ಅಂತ ಹಿರಿಯ ಸಿಸ್ಟರ್‌ಗಳು ಹೇಳ್ತಾರೆ. ಸರಿಯಾ? ನೈಟ್ ಡ್ಯೂಟಿಯಲ್ಲಾದರೆ ಬೆಳಗ್ಗೆವರೆಗೆ ಕಾಯಬಹುದಾ?

ಉತ್ತರ (ಸೋಂಕು ನಿಯಂತ್ರಣ ನರ್ಸ್, ಶಿವಮೊಗ್ಗ): ಹಿಂಡಬೇಡಿ, ಕಾಯಬೇಡಿ. ಹಿಂಡಿದರೆ ವೈರಸ್ ಹೊರಗೆ ಬರುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಗಾಯ ಕೆರಳೋದಷ್ಟೇ. ಬೆರಳನ್ನು ಬಾಯಿಗೆ ಇಡೋದು, ಸ್ಪಿರಿಟ್, ಬ್ಲೀಚ್ ಯಾವುದೂ ಬೇಡ. ಹರಿಯುವ ನಲ್ಲಿ ನೀರು, ಸೋಪು ಸಾಕು. ಕಣ್ಣಿಗೆ ರಕ್ತ ಸಿಡಿದರೆ ನೀರಲ್ಲೋ ನಾರ್ಮಲ್ ಸಲೈನ್‌ನಲ್ಲೋ ತೊಳೀರಿ, ಸೋಪು ಮುಟ್ಟಿಸಬೇಡಿ.

ಆಮೇಲೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ, ಸಂಕೋಚ ಬೇಡ. ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸ್ 2 ಗಂಟೆಯೊಳಗೆ ಬಿದ್ದರೆ ಒಳ್ಳೇದು; 72 ಗಂಟೆ ದಾಟಿದರೆ ಶುರು ಮಾಡಲ್ಲ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, 28 ದಿನ. ನಡುವೆ ಬಿಡೋ ಹಾಗಿಲ್ಲ. ಆ ಸೂಜಿ ಬಳಸಿದ್ದ ರೋಗಿಯ ಒಪ್ಪಿಗೆ ಪಡೆದು ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಿ. ನಿಮ್ಮ ರಕ್ತವನ್ನೂ ಅವತ್ತೇ ಕೊಡಿ, ಇಲ್ಲದಿದ್ದರೆ ಸೋಂಕು ಮೊದಲೇ ಇತ್ತೋ ಈಗ ಬಂತೋ ಅಂತ ತಿಳಿಯೋದೇ ಇಲ್ಲ.

ಎಲ್ಲರೂ ಎಚ್‌ಐವಿಗೇ ಹೆದರ್ತಾರೆ. ಸೋಂಕಿತ ರಕ್ತದ ಸೂಜಿಯಿಂದ ಅದು ತಗಲುವ ಸಾಧ್ಯತೆ ಸುಮಾರು 0.3%. ಲಸಿಕೆ ಹಾಕಿಸದವರಿಗೆ ಹೆಪಟೈಟಿಸ್ ಬಿ 30% ತನಕ ಹೋಗುತ್ತೆ! ಲಸಿಕೆ 0, 1, 6ನೇ ತಿಂಗಳಿಗೆ ಮೂರು ಡೋಸ್. ಮೂರನೇದಾದ 1–2 ತಿಂಗಳಿಗೆ ಟೈಟರ್ (ರಕ್ತದಲ್ಲಿ ರಕ್ಷಣೆ ಕೊಡುವ ಪ್ರತಿಕಾಯದ ಮಟ್ಟ) ನೋಡಿಸಿ, 10 mIU/mL ಅಥವಾ ಅದಕ್ಕಿಂತ ಹೆಚ್ಚಿರಬೇಕು. ಲಸಿಕೆ ಆಗಿಲ್ಲ, ರೋಗಿಗೆ ಬಿ ಇದೆ ಅಂದರೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಕು, ಕೆಜಿಗೆ 0.06 ಮಿಲೀ (60 ಕೆಜಿಯವರಿಗೆ 3.6 ಮಿಲೀ). ಲಸಿಕೆಯನ್ನೂ ಅವತ್ತೇ, ಬೇರೆ ಜಾಗಕ್ಕೆ.

ಪ್ರಶ್ನೆ (ಅದೇ ಸಿಸ್ಟರ್): ಯಾರ ಸೂಜಿ ಅಂತಲೇ ಗೊತ್ತಾಗದಿದ್ದರೆ? ಕಸದ ಚೀಲದಲ್ಲಿ ಚುಚ್ಚಿದರೆ?

ಉತ್ತರ: ಸೂಜಿಯನ್ನು ಲ್ಯಾಬ್‌ಗೆ ಕಳಿಸಬೇಡಿ, ಅದರಿಂದ ನಂಬುವಂಥ ಉತ್ತರ ಸಿಗಲ್ಲ. ಯಾವ ವಾರ್ಡಿನ ಕಸ ಅನ್ನೋದನ್ನು ನೋಡಿ ಡಾಕ್ಟರ್ ನಿರ್ಧರಿಸ್ತಾರೆ. ಸೂಜಿ ಚೀಲಕ್ಕೆ ಬಂದಿದ್ದೇ ತಪ್ಪು. ಕ್ಯಾಪ್ ಮತ್ತೆ ಹಾಕದೆ, ಹಾಸಿಗೆ ಪಕ್ಕದಲ್ಲೇ ಬಿಳಿ ಡಬ್ಬಕ್ಕೆ ಬೀಳಬೇಕು. ಡಬ್ಬ ಮುಕ್ಕಾಲು ತುಂಬಿದಾಗಲೇ ಮುಚ್ಚಿ. ತುರುಕುವಾಗಲೇ ಕೈಗೆ ಚುಚ್ಚೋದು.

ಪ್ರಶ್ನೆ (ಗ್ರೂಪ್ ಡಿ ಸಿಬ್ಬಂದಿ, ತೀರ್ಥಹಳ್ಳಿ): ಅಕ್ಕಾ, ಜೂನ್ ಬಂತಂದ್ರೆ ಬ್ಲೀಚಿಂಗ್ ಪುಡಿ ಗಂಟುಗಂಟಾಗುತ್ತೆ. ಜಾಸ್ತಿ ಹಾಕಿದರೆ ಆಗುತ್ತಾ?

ಉತ್ತರ: ಎಷ್ಟು ಜಾಸ್ತಿ ಅಂತ ಹೇಳೋಕೆ ಬರಲ್ಲ, ಅದೇ ತೊಂದರೆ. ತೇವ ಹೀರಿದ ಪುಡಿಯಲ್ಲಿ ಕ್ಲೋರಿನ್ ಇಳಿದಿರುತ್ತೆ, ಘಾಟು ಮಾತ್ರ ಉಳಿದಿರುತ್ತೆ. 30% ಕ್ಲೋರಿನ್ ಇರುವ ಒಣ ಪುಡಿಯಾದರೆ ಲೀಟರಿಗೆ 33 ಗ್ರಾಂ ಹಾಕಿದರೆ ಸುಮಾರು 1% ಕ್ಲೋರಿನ್ ದ್ರಾವಣ. ಕಲಸಿಟ್ಟು ಮೇಲಿನ ತಿಳಿ ಬಳಸಿ. ನಮ್ಮ ಕಡೆ ಮಳೆಗೆ ದ್ರವ ಹೈಪೋಕ್ಲೋರೈಟೇ (ದ್ರವ ಬ್ಲೀಚ್) ವಾಸಿ. ಅದೇ 1% ಬರೋಕೆ, 5% ಇದ್ದರೆ 1 ಪಾಲಿಗೆ 4 ಪಾಲು ನೀರು, 10% ಇದ್ದರೆ 9 ಪಾಲು. ಲೇಬಲ್ ಓದದೆ ಅಳೀಬೇಡಿ, ತಯಾರಾದ ತಾರೀಕೂ ನೋಡಿ. ಪ್ಲಾಸ್ಟಿಕ್ ಬಕೆಟ್, ದಿನಾ ಹೊಸದು. ಟಾಯ್ಲೆಟ್ ಆ್ಯಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಗಾಳಿ ಏಳುತ್ತೆ, ಎದೆ ಹಿಡಿದುಬಿಡುತ್ತೆ. ನೆಲಕ್ಕೆ ರಕ್ತ ಚೆಲ್ಲಿದರೆ ಗ್ಲೌಸ್ ಹಾಕಿ, ಬಟ್ಟೆ ಮುಚ್ಚಿ, ಅದರ ಮೇಲೆ ದ್ರಾವಣ ಸುರಿದು 10 ನಿಮಿಷ ಬಿಡಿ. ಆಮೇಲೆ ಒರೆಸಿ.

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್, ಸಾಗರ): ಮಂಗನ ಕಾಯಿಲೆ ರೋಗಿ ಬಂದರೆ ಬೇರೆ ಕೋಣೆ ಬೇಕಾ?

ಉತ್ತರ (ಮೈಕ್ರೋಬಯಾಲಜಿ ಡಾಕ್ಟರ್): ಬೇಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದಾಗಿನಿಂದ ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡಿಲ್ಲ; ಹರಡೋದು ಉಣುಗು (ರಕ್ತ ಹೀರುವ ಉಣ್ಣೆ). ಆದರೆ ಲ್ಯಾಬ್ ಸಿಬ್ಬಂದಿಗೆ ತಗಲಿದ್ದಿದೆ, ಹಾಗಾಗಿ ವಾರ್ಡಿನವರಿಗಿಂತ ನಿಮಗೇ ಎಚ್ಚರ ಜಾಸ್ತಿ ಬೇಕು. ಗ್ಲೌಸ್, ಕನ್ನಡಕ ಹಾಕಿ. ಸ್ಯಾಂಪಲ್ ಅನ್ನು ಮೂರು ಪದರದ ಪ್ಯಾಕಿಂಗ್‌ನಲ್ಲಿ, ತಣ್ಣಗೆ ಕಳಿಸಿ. ಇನ್ನೊಂದು: ಕಾಡಿಂದ ನೇರ ಬಂದವರ ಬಟ್ಟೆಮಡಿಕೆ, ಕಂಬಳಿಯಲ್ಲಿ ಉಣುಗು ಇದೆಯಾ ಅಂತ ಸಿಸ್ಟರ್‌ಗಳಿಗೆ ದಾಖಲಾತಿ ಹೊತ್ತಲ್ಲೇ ನೋಡೋಕೆ ಹೇಳಿ.