‘ಊಹಾಪೋಹ’ದಲ್ಲಿ ಇರುವ ‘ಪೋಹ’ ಯಾವುದು?

ಗೆಳೆಯರೇ, ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಅದರ ಬೆನ್ನಿಗೆ ಇನ್ನೂ ಎರಡು ಮೂರು ಸೇರಿಕೊಂಡಿವೆ. ಮೊದಲು ಸಂದರ್ಭ ಹೇಳಿಬಿಡುತ್ತೇನೆ.

‘ಜೆರಿಕೋ’ ಅಂತ ಒಂದು ಅಮೆರಿಕನ್ ಧಾರಾವಾಹಿ. ಸಿಬಿಎಸ್ ವಾಹಿನಿಯಲ್ಲಿ 2006ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಜೆರಿಕೋ ಅನ್ನುವುದು ಊರಿನ ಹೆಸರು. ಕಾನ್ಸಾಸ್ ರಾಜ್ಯದಲ್ಲಿದೆ ಎಂದು ಕಲ್ಪಿಸಿಕೊಂಡ ಸಣ್ಣ ಊರು. ಒಂದು ದಿನ ಇದ್ದಕ್ಕಿದ್ದಂತೆ ದೂರದ ಡೆನ್ವರ್ ಕಡೆ ಅಣುಬಾಂಬಿನ ಮೋಡ ಏಳುತ್ತದೆ. ಆಮೇಲೆ ಕರೆಂಟಿಲ್ಲ, ಟಿವಿ ಇಲ್ಲ, ಫೋನಿಲ್ಲ. ಬಾಂಬ್ ಹಾಕಿದವರು ಯಾರು? ಎಷ್ಟು ಕಡೆ ಹಾಕಿದರು? ದೇಶದಲ್ಲಿ ಸರ್ಕಾರ ಅಂತ ಒಂದು ಉಳಿದಿದೆಯಾ? ಊರಿನವರಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ. ವಾರಕ್ಕೊಂದು ಕಂತು. ನಡುವಿನ ಆರು ದಿನ ಅಭಿಮಾನಿಗಳು ಕೂತು ಯೋಚಿಸಿದ್ದೇ ಯೋಚಿಸಿದ್ದು.

ಆ ಅಭಿಮಾನಿಗಳ ಬಗ್ಗೆ ನಾನು ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಅವರು ಮಾಡಿದ್ದಕ್ಕೆ ‘ಊಹಾಪೋಹ’ ಅಂತ ಬರೆದೆ. ಕರಡನ್ನು ಅಕ್ಕನ ಮಗಳು ಓದಿದಳು, ಹತ್ತನೇ ಕ್ಲಾಸಿನವಳು. ಬೆರಳಿಟ್ಟು ಕೇಳಿದಳು: “ಮಾಮ, ಊಹೆ ಗೊತ್ತು. ಪೋಹ ಅಂದ್ರೆ ಏನು? ಅವಲಕ್ಕಿನಾ?” ಹೋಟೆಲಿನ ಬೋರ್ಡುಗಳಲ್ಲಿ ಈಗ ಅವಲಕ್ಕಿಗೆ ಪೋಹಾ ಅಂತಲೇ ಬರೆದಿರುತ್ತಾರೆ ಅಲ್ವಾ, ಅವಳ ಪ್ರಶ್ನೆ ಸರಿಯಾಗೇ ಇತ್ತು. ಊಟ ಗೀಟ, ಪುಸ್ತಕ ಗಿಸ್ತಕ ಅನ್ನೋ ಹಾಗೆ ಊಹ ಪೋಹ ಇರಬಹುದು ಅಂತ ತಾನೇ ಒಂದು ಉತ್ತರವನ್ನೂ ಕೊಟ್ಟಳು.

ಬಿಡಿಸಿ ಹೇಳಿದೆ. ಅಲ್ಲಿ ಪೋಹ ಇಲ್ಲ, ಅಪೋಹ ಇದೆ. ಊಹ ಮತ್ತು ಅಪೋಹ ಸೇರಿ ಊಹಾಪೋಹ, ಸವರ್ಣದೀರ್ಘ ಸಂಧಿ. ಊಹ ಅಂದರೆ ‘ಹೀಗಿರಬಹುದು’ ಎಂದು ಒಂದನ್ನು ಮುಂದಿಡುವುದು. ಅಪೋಹ ಅಂದರೆ ‘ಇದು ಹೊಂದುವುದಿಲ್ಲ’ ಎಂದು ಪಕ್ಕಕ್ಕೆ ತಳ್ಳುವುದು. ಒಂದು ಕೈ ಇಡುತ್ತದೆ, ಇನ್ನೊಂದು ಕೈ ತೆಗೆಯುತ್ತದೆ. ಎರಡೂ ಸೇರಿದರೇ ಪದ ಪೂರ್ತಿ. ಬುದ್ಧಿಗೆ ಎಂಟು ಗುಣ ಅಂತ ಹಳಬರು ಎಣಿಸಿದ್ದಾರೆ: ಕೇಳುವ ಆಸೆ, ಕೇಳುವುದು, ಗ್ರಹಿಸುವುದು, ನೆನಪಿಟ್ಟುಕೊಳ್ಳುವುದು, ಊಹ, ಅಪೋಹ, ಅರ್ಥ ತಿಳಿಯುವುದು, ತತ್ತ್ವ ತಿಳಿಯುವುದು. ಅಲ್ಲಿ ಊಹ ಒಂದು ಗುಣ, ಅಪೋಹ ಇನ್ನೊಂದು ಗುಣ. ಬೌದ್ಧ ತರ್ಕದಲ್ಲಂತೂ ದಿಗ್ನಾಗ ಅಪೋಹದ ಮೇಲೆ ದೊಡ್ಡ ವಾದವನ್ನೇ ಕಟ್ಟಿದ. ಹಸು ಎಂಬ ಮಾತು ಹಸುವಲ್ಲದ್ದನ್ನೆಲ್ಲ ಹೊರಗಿಟ್ಟು ಅರ್ಥ ಕೊಡುತ್ತದೆ ಅನ್ನುವುದು ಅವನ ಮಾತಿನ ತಿರುಳು.

ಇಂಥ ಗಟ್ಟಿ ಪದ ಈಗ ಏನಾಗಿದೆ ನೋಡಿ. ಪತ್ರಿಕೆ ತೆರೆದರೆ ‘ಊಹಾಪೋಹಗಳಿಗೆ ತೆರೆ ಎಳೆದರು’. ಪೊಲೀಸರ ಪ್ರಕಟಣೆಯಲ್ಲಿ ‘ಊಹಾಪೋಹಗಳಿಗೆ ಕಿವಿಗೊಡಬೇಡಿ’. ಮಂತ್ರಿಗಳ ಬಾಯಲ್ಲಿ ‘ಅದೆಲ್ಲ ಬರೀ ಊಹಾಪೋಹ’. ಮೂರು ಕಡೆಯೂ ಅದರ ಅರ್ಥ ಗಾಳಿಸುದ್ದಿ ಅಂತಲೇ. ಆದರೆ ಗಾಳಿಸುದ್ದಿಗೆ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ವದಂತಿ ಇದೆ, ಗುಲ್ಲು ಇದೆ, ಪುಕಾರು ಇದೆ. ಬೆಲೆಯಿರುವ ಒಂದು ಪದವನ್ನು ಅದೇ ಗುಂಪಿಗೆ ತಳ್ಳಿದ್ದು ನನಗೆ ನಿಜಕ್ಕೂ ಬೇಸರ. ಬಳಕೆ ಬದಲಾಗುತ್ತದೆ, ಒಪ್ಪುತ್ತೇನೆ. ಆದರೂ ಆ ಹಳೇ ಅರ್ಥಕ್ಕೆ ಇನ್ನೊಂದು ಪದ ನಮ್ಮ ಹತ್ತಿರ ಇದೆಯಾ? ನಿಮ್ಮನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ.

ಯಾಕೆ ಇಷ್ಟು ಹಟ ಅಂದರೆ, ಜೆರಿಕೋದ ಅಭಿಮಾನಿಗಳು ಮಾಡಿದ್ದು ಆ ಹಳೇ ಅರ್ಥದ ಊಹಾಪೋಹವನ್ನೇ. ರಾಬರ್ಟ್ ಹಾಕಿನ್ಸ್ ಎಂಬ ಪಾತ್ರವನ್ನು ತೆಗೆದುಕೊಳ್ಳಿ. ಬಾಂಬ್ ಬೀಳುವ ಸ್ವಲ್ಪ ದಿನ ಮುಂಚೆ ಹೆಂಡತಿ ಮಕ್ಕಳ ಜೊತೆ ಊರಿಗೆ ಬಂದವನು. ಸೇಂಟ್ ಲೂಯಿಸ್‌ನಲ್ಲಿ ಪೊಲೀಸ್ ಆಗಿದ್ದೆ ಅನ್ನುತ್ತಾನೆ. ಪೊಲೀಸನೇ ಇರಬೇಕು, ಇದು ಊಹ. ಆದರೆ ವಿಕಿರಣದ ಬಗ್ಗೆ ಊರಿಗೇ ಪಾಠ ಹೇಳುವಷ್ಟು ಪೊಲೀಸನಿಗೆ ಹೇಗೆ ಗೊತ್ತು? ಇದು ಅಪೋಹ. ಹಾಗಾದರೆ ಬಾಂಬ್ ಇಟ್ಟವರ ಪೈಕಿ ಒಬ್ಬನಾ? ಮತ್ತೆ ಊಹ. ಹಾಗಿದ್ದರೆ ಊರಿನವರನ್ನು ಉಳಿಸಲು ಯಾಕೆ ಒದ್ದಾಡುತ್ತಾನೆ? ಮತ್ತೆ ಅಪೋಹ. ಕೊನೆಗೆ ಅವನು ಸಿಐಎ ಕಡೆಯವನು, ಬಾಂಬಿನ ಗುಂಪಿನೊಳಗೆ ಸೇರಿಕೊಂಡಿದ್ದವನು ಅಂತ ತಿಳಿಯುತ್ತದೆ. ‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಅಂತಾರಲ್ಲ, ಹಾಗೆ ಅವನೂ ಬಾವಿಕಟ್ಟೆಗೆ ಬರಲೇಬೇಕಿತ್ತು. ಬರುವವರೆಗೆ ಜನ ಇಟ್ಟರು, ತೆಗೆದರು. ಪ್ಯಾರಾಚೂಟಿನಲ್ಲಿ ಊಟದ ಪೆಟ್ಟಿಗೆಗಳು ಇಳಿದು, ಮೇಲೆ ಚೀನೀ ಬರಹ ಕಂಡಾಗಲೂ ಹಾಗೇ. ಇದು ಶತ್ರುವಿನದೋ, ನೆರವೋ? ಊರಿನ ರಸ್ತೆಯಲ್ಲಿ ಜಗಳವಾಡಿದವರೂ, ಮನೆಯ ಸೋಫಾದಲ್ಲಿ ಜಗಳವಾಡಿದವರೂ ಒಂದೇ ಪ್ರಶ್ನೆಗೆ ಜಗಳವಾಡಿದರು.

ಬೇರೆ ಪದಗಳನ್ನೂ ಹಾಕಿ ನೋಡಿದೆ. ‘ಅಂದಾಜು’ ಅಳತೆಗೆ ಸರಿ. ಎಷ್ಟು ಊರು ಹೋಗಿರಬಹುದು ಎಂಬುದಕ್ಕೆ ಒಪ್ಪುತ್ತದೆ, ಯಾಕೆ ಹೋದವು ಎಂಬುದಕ್ಕೆ ಒಪ್ಪುವುದಿಲ್ಲ. ‘ಗುಮಾನಿ’ಯಲ್ಲಿ ಯಾರ ಮೇಲೋ ಕಣ್ಣಿರುತ್ತದೆ, ಅದು ಹಾಕಿನ್ಸ್ ಒಬ್ಬನಿಗೆ ಸಾಕು. ‘ಲೆಕ್ಕಾಚಾರ’ ಅಂದ ತಕ್ಷಣ ಚುನಾವಣೆ, ಜಾತಿ, ಸೀಟು ನೆನಪಾಗುತ್ತವೆ. ‘ಎಣಿಕೆ’ ಚೆನ್ನಾಗಿದೆ, ‘ನನ್ನ ಎಣಿಕೆ ತಪ್ಪಿತು’ ಅಂತ ಈಗಲೂ ಆಡುತ್ತೇವೆ, ಆದರೆ ಅದರಲ್ಲಿ ಅಪೋಹದ ಭಾಗ ಇಲ್ಲ.

ಒಂದು ಮಾತ್ರ ತುಂಬ ಹತ್ತಿರ ಬಂತು. ‘ತಾಳೆ ನೋಡುವುದು’. ಕಿರಾಣಿ ಅಂಗಡಿಯಲ್ಲಿ ಸಂಜೆ ಗಲ್ಲಾಪೆಟ್ಟಿಗೆಯ ದುಡ್ಡನ್ನೂ ಚೀಟಿಗಳನ್ನೂ ತಾಳೆ ನೋಡುತ್ತಾರೆ, ಆ ತಾಳೆ. ಧಾರಾವಾಹಿಯಲ್ಲೇ ಹಾಕಿನ್ಸ್ ಮಾಡುವುದು ಅದು. ಮನೆಯಲ್ಲಿ ಒಬ್ಬನೇ ಕೂತು ರೇಡಿಯೋದಲ್ಲಿ ಬರುವ ಮೋರ್ಸ್ ಸದ್ದು, ಅಂದರೆ ಹಿಂದೆ ತಂತಿ ಕಳಿಸಲು ಬಳಸುತ್ತಿದ್ದ ಚುಕ್ಕಿ ಗೆರೆಯ ಸಂಕೇತ, ಕೇಳುತ್ತಾನೆ, ಅಕ್ಷರ ಬರೆದುಕೊಳ್ಳುತ್ತಾನೆ, ನಕ್ಷೆಯ ಮೇಲೆ ಒಂದೊಂದೇ ಪಿನ್ನು ಚುಚ್ಚುತ್ತಾನೆ. ಒಂದೊಂದು ಪಿನ್ನೂ ಒಂದೊಂದು ನಗರ. ಮಾತೇ ಇಲ್ಲದ ಆ ದೃಶ್ಯ ನೋಡಿದಾಗ ನನ್ನ ಕೈ ತಣ್ಣಗಾಗಿತ್ತು. ಅಭಿಮಾನಿಗಳೂ ಹಾಗೇ ಮಾಡಿದರು. ಪ್ರತಿ ಕಂತಿನ ಶೀರ್ಷಿಕೆ ಬರುವಾಗ ಹಿನ್ನೆಲೆಯಲ್ಲಿ ಮೋರ್ಸ್ ಸದ್ದು ಕೇಳುತ್ತದೆ. ಅದನ್ನು ಬಿಡಿಸಿದರೆ ಕಥೆಯ ಬಗ್ಗೆ ಒಂದು ಸುಳಿವು ಸಿಗುತ್ತದೆ. ಚುಕ್ಕಿ ಗೆರೆ ಕಲಿತು, ಬಿಡಿಸಿ, ಕಥೆಯ ಜೊತೆ ತಾಳೆ ನೋಡಿದವರು ಎಷ್ಟೋ ಜನ. ನಮ್ಮಲ್ಲಿ ‘ತಂತಿ ಬಂದಿದೆ’ ಅಂದರೆ ಓದುವ ಮುಂಚೆಯೇ ಅಳುವ ಕಾಲವಿತ್ತು. ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಆ ಕಾಲ ಕಂಡವರಿಗೆ ಈ ಟಕ್ ಟಕ್ ಸದ್ದಿನ ಭಯ ಬೇಗ ಅರ್ಥವಾಗುತ್ತದೆ.

ಹಾಗಾಗಿ ಈಗ ನನ್ನ ಕರಡಿನಲ್ಲಿ ಎರಡೂ ಇವೆ. ಸುಳಿವುಗಳನ್ನು ಜೋಡಿಸುವ ಕಡೆ ‘ತಾಳೆ ನೋಡಿದರು’. ಇದು ಹೌದು, ಇದು ಅಲ್ಲ ಎಂದು ವಾದಿಸುವ ಕಡೆ ‘ಊಹಾಪೋಹ’. ಓದುಗರು ಅದನ್ನು ಗಾಳಿಸುದ್ದಿ ಅಂತ ಓದಿಕೊಂಡರೆ ಏನು ಮಾಡಲಿ? ‘ಊಹ ಅಪೋಹ’ ಅಂತ ಬಿಡಿಸಿ ಬರೆಯಬಹುದಾ? ಕಣ್ಣಿಗೆ ಸ್ವಲ್ಪ ಪಂಡಿತರ ಬರಹದಂತೆ ಕಾಣುತ್ತದೆ. ಆದರೂ ಒಮ್ಮೆ ಬಿಡಿಸಿ ತೋರಿಸಿ, ಆಮೇಲೆ ಸೇರಿಸಿಯೇ ಬರೆಯೋಣ ಅಂತಿದ್ದೇನೆ.

ಎರಡನೆಯದು, ಈ ಬಗೆಯ ಕಥೆಯನ್ನು ಏನೆನ್ನುವುದು? ಎಲ್ಲ ಹಾಳಾದ ಮೇಲಿನ ಬದುಕಿನ ಕಥೆ. ‘ಪ್ರಳಯೋತ್ತರ’ ಅಂತ ಬರೆದಿದ್ದೆ. ಅಮ್ಮ ಒಂದೇ ಮಾತಿನಲ್ಲಿ ಹೊಡೆದು ಹಾಕಿದರು: “ಪ್ರಳಯ ಆದಮೇಲೆ ಇನ್ನೇನೋ ಕಥೆ? ಆಲದೆಲೆ ಮೇಲೆ ಕೃಷ್ಣ ಮಲಗಿರ್ತಾನೆ, ಅಷ್ಟೇ.” ಅಮ್ಮ ಹೇಳಿದ್ದು ಸರಿ. ಪ್ರಳಯದಲ್ಲಿ ಲಯ ಇದೆ, ಎಲ್ಲವೂ ಕರಗಬೇಕು. ಜೆರಿಕೋದಲ್ಲಿ 23 ನಗರಗಳು ಹೋದವು, ಆದರೆ ಈ ಊರು ಹಾಗೇ ಇದೆ. ಹೊಲದಲ್ಲಿ ಬೆಳೆ ನಿಂತಿದೆ. ಕೊಯ್ಯಬೇಕು, ಡೀಸೆಲ್ ಇಲ್ಲ. ಉಪ್ಪಿನ ಗಣಿ ಇದೆ, ಅದರ ಮೇಲೆ ಪಕ್ಕದೂರಿಗೆ ಕಣ್ಣು. ಬಾಂಬ್ ಬಿದ್ದ ಮೇಲೂ ಮೇಯರ್ ಚುನಾವಣೆ ನಡೆದು, ವರ್ಷಗಟ್ಟಲೆ ಮೇಯರ್ ಆಗಿದ್ದ ಜಾನ್‌ಸ್ಟನ್ ಗ್ರೀನ್ ಸೋಲುತ್ತಾನೆ.

ಹಾಗಾಗಿ ‘ಅಳಿದುಳಿದ’ ಪದದ ಕಡೆ ನನ್ನ ಮನಸ್ಸು ವಾಲಿದೆ. ಅಳಿದದ್ದೂ ಅದರಲ್ಲಿದೆ, ಉಳಿದದ್ದೂ ಇದೆ. ‘ಅಳಿದುಳಿದ ಊರಿನ ಕಥೆ’ ಅಂದರೆ ಕಿವಿಗೂ ಹಿತ. ಒಂದೇ ತೊಡಕು. ಮನೆಮಾತಿನಲ್ಲಿ ಅಳಿದುಳಿದ ಅನ್ನ, ಅಳಿದುಳಿದ ಬಟ್ಟೆ ಅನ್ನುತ್ತೇವೆ. ಯಾರಿಗೂ ಬೇಡದೆ ಮಿಕ್ಕಿದ್ದು ಎಂಬ ಭಾವ ಬರುತ್ತದೆ. ಆ ಊರಿನ ಜನಕ್ಕೆ ಅದು ಅವಮಾನವಾಗಬಾರದು. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ಹೇಳಿ.

ಬಾಂಬಿನ ಮೋಡಕ್ಕೆ ‘ಅಣಬೆ ಮೋಡ’ ರೂಢಿಯಾಗಿದೆ, ಅದರಲ್ಲಿ ತಕರಾರಿಲ್ಲ. ಆದರೆ ಮೊದಲ ಕಂತಿನಲ್ಲಿ ಆ ಮೋಡವನ್ನು ಕಾಣುವವನು ಕಣ್ಣಾಮುಚ್ಚಾಲೆ ಆಡುತ್ತಾ ಮನೆಯ ಮಾಡಿನ ಮೇಲೆ ಹತ್ತಿದ ಒಬ್ಬ ಹುಡುಗ. ಆ ಹುಡುಗನ ಬಾಯಲ್ಲಿ ಹಳ್ಳಿಯ ಪದ ‘ನಾಯಿಕೊಡೆ’ ಬಂದರೆ ಹೇಗೆ ಎಂದು ಒಂದು ದಿನ ಯೋಚಿಸಿದೆ. ಪತ್ರಿಕೆಗಳು ‘ನಾಯಿಕೊಡೆಗಳಂತೆ ತಲೆ ಎತ್ತಿದ ಬಡಾವಣೆಗಳು’ ಎಂದು ಅದನ್ನೂ ಸವೆಸಿಬಿಟ್ಟಿವೆ. ಅಣಬೆಯೇ ಇರಲಿ.

ಇನ್ನೊಂದು ದೃಶ್ಯಕ್ಕೆ ಯಾವ ಪದವೂ ಬೇಕಿಲ್ಲ. ಡೇಲ್ ಎಂಬ ಹುಡುಗ ಮನೆಯ ಫೋನಿನಲ್ಲಿ ಉಳಿದಿದ್ದ ಅಮ್ಮನ ಧ್ವನಿ ಕೇಳುತ್ತಾನೆ. ಅಮ್ಮ ಅಟ್ಲಾಂಟಾದಿಂದ ಮಾತಾಡುತ್ತಿದ್ದಾಳೆ. ಮಾತು ನಡುವೆ ಕಡಿದುಹೋಗುತ್ತದೆ. ಹೋಗಿದ್ದು ಡೆನ್ವರ್ ಒಂದೇ ಅಲ್ಲ ಅಂತ ಊರಿಗೆ ತಿಳಿಯುವುದು ಹಾಗೆ.

ಕೊನೆಯದು ನನಗೆ ಎಲ್ಲಕ್ಕಿಂತ ಕಷ್ಟದ್ದು. ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಪಕ್ಕದ ನ್ಯೂ ಬರ್ನ್ ಊರಿನವರು ಯುದ್ಧಕ್ಕೆ ಬರುತ್ತಾರೆ. ಶರಣಾಗಿ ಅನ್ನುತ್ತಾರೆ. ಕಥಾನಾಯಕ ಜೇಕ್ ಒಂದೇ ಪದದಲ್ಲಿ ಉತ್ತರ ಕೊಡುತ್ತಾನೆ: ‘ನಟ್ಸ್’. ಅದು ಅವನ ಸ್ವಂತ ಮಾತಲ್ಲ. 1944ರ ಡಿಸೆಂಬರ್ 22ರಂದು ಬೆಲ್ಜಿಯಂನ ಬಾಸ್ತೋನ್ಯ ಊರನ್ನು ಜರ್ಮನ್ ಸೇನೆ ಸುತ್ತುವರಿದು ಶರಣಾಗಲು ಹೇಳಿ ಕಳಿಸಿದಾಗ, ಅಮೆರಿಕದ ಸೇನಾಧಿಕಾರಿ ಆಂಟನಿ ಮೆಕಾಲಿಫ್ ಕೊಟ್ಟ ಉತ್ತರ ಅದೇ. ಹೋಗಾಚೆ ಅನ್ನುವ ಧ್ವನಿ ಅದರಲ್ಲಿದೆ. ಮೇಲುನೋಟದ ಅರ್ಥ ಮಾತ್ರ ಕಾಯಿ, ಬೀಜ.

2007ರ ಮೇ ತಿಂಗಳಲ್ಲಿ ವಾಹಿನಿ ಧಾರಾವಾಹಿಯನ್ನು ನಿಲ್ಲಿಸಿತು. ಅಭಿಮಾನಿಗಳು ಆ ಒಂದು ಪದವನ್ನೇ ಹಿಡಿದರು. ವಾಹಿನಿಯ ಕಚೇರಿಗೆ ಕಡಲೆಕಾಯಿ ಕಳಿಸತೊಡಗಿದರು. ಒಂದು ಮೂಟೆ ಎರಡು ಮೂಟೆ ಅಲ್ಲ, 20 ಟನ್ನಿಗೂ ಜಾಸ್ತಿ. ಜೂನ್ ಮೊದಲ ವಾರದ ಹೊತ್ತಿಗೆ ವಾಹಿನಿ ಮಣಿಯಿತು. ಇನ್ನೂ ಏಳು ಕಂತು ಮಾಡಲು ಒಪ್ಪಿತು. ಅವು 2008ರ ಫೆಬ್ರವರಿಯಿಂದ ಮಾರ್ಚ್‌ವರೆಗೆ ಬಂದವು. ಮುಂದುವರಿಯುತ್ತದೋ ಇಲ್ಲವೋ ಗೊತ್ತಿಲ್ಲದೆ ಎರಡು ಬಗೆಯ ಕೊನೆ ಚಿತ್ರೀಕರಿಸಿಟ್ಟುಕೊಂಡಿದ್ದರು. ಮುಂದುವರಿಯಲಿಲ್ಲ. ಮುಂದಿನ ಕಥೆ ಕಾಮಿಕ್ಸ್ ಪುಸ್ತಕಗಳಾಗಿ ಬಂತು.

ಈಗ ಹೇಳಿ, ‘ನಟ್ಸ್’ ಅನ್ನು ಕನ್ನಡಕ್ಕೆ ಹೇಗೆ ತರುವುದು? ‘ಕಡಲೆಕಾಯಿ!’ ಎಂದು ಜೇಕ್ ಕೂಗಿದರೆ ಅದರಲ್ಲಿ ಕಿಚ್ಚಿಲ್ಲ. ‘ಕತ್ತೆಬಾಲ!’ ಅಂದರೆ ತಿರಸ್ಕಾರ ಬಂತು, ಆದರೆ ಮೂಟೆಯಲ್ಲಿ ಕಳಿಸಲು ಏನೂ ಇಲ್ಲ. ‘ಮಣ್ಣಂಗಟ್ಟಿ!’ ನನಗೆ ತುಂಬ ಇಷ್ಟವಾಯಿತು. ಹಳೇ ಮೈಸೂರಿನ ಕಡೆ ಈಗಲೂ ಅನ್ನುತ್ತಾರೆ. “ಶರಣಾಗಬೇಕಂತೆ, ಮಣ್ಣಂಗಟ್ಟಿ!” ಬಾಯಲ್ಲಿ ಹೇಳಿ ನೋಡಿ, ಎದೆ ಉಬ್ಬುತ್ತದೆ. ಆದರೆ ಅಕ್ಕನ ಮಗಳು ಇನ್ನೂ ಒಳ್ಳೆಯದನ್ನು ಹುಡುಕಿದಳು. “ಬದನೆಕಾಯಿ!” ‘ಮರ್ಯಾದೆ ಅಂತೆ ಬದನೆಕಾಯಿ’ ಅಂತ ನಾವು ದಿನಾ ಅನ್ನುತ್ತೇವೆ. ತಳ್ಳಿಹಾಕುವ ಮಾತೂ ಹೌದು, ಬುಟ್ಟಿ ತುಂಬ ಸಿಗುವ ಕಾಯಿಯೂ ಹೌದು. ಮೂಲದ ಎರಡೂ ಮುಖ ಉಳಿಯುತ್ತವೆ. ಆದರೆ ನಡೆದದ್ದು ಕಡಲೆಕಾಯಿಯ ಕಥೆ, ಬದನೆಕಾಯಿ ಅಲ್ಲ. ಅದನ್ನು ಬದಲಿಸುವ ಹಕ್ಕು ನನಗಿಲ್ಲ. ಸದ್ಯಕ್ಕೆ ಜೇಕ್ ಬಾಯಲ್ಲಿ ‘ನಟ್ಸ್’ ಹಾಗೇ ಬಿಟ್ಟು, ಪಕ್ಕದಲ್ಲಿ ‘ನಾವಾದರೆ ಬದನೆಕಾಯಿ ಅನ್ನುತ್ತಿದ್ದೆವು’ ಎಂದು ಒಂದು ವಾಕ್ಯ ಸೇರಿಸಿದ್ದೇನೆ.

ಕಡಲೆಕಾಯಿಗೆ ಶೇಂಗಾ ಅನ್ನುವ ಧಾರವಾಡ, ಬೆಳಗಾವಿ ಕಡೆಯವರನ್ನೂ, ನೆಲಗಡಲೆ ಅನ್ನುವ ಕರಾವಳಿಯವರನ್ನೂ ವಿಶೇಷವಾಗಿ ಕೇಳುತ್ತಿದ್ದೇನೆ. ಎದುರಿಗೆ ನಿಂತವನು ಶರಣಾಗು ಅಂದಾಗ ನಿಮ್ಮ ಅಜ್ಜ ಅಜ್ಜಿ ಒಂದೇ ಪದದಲ್ಲಿ ಏನು ಅನ್ನುತ್ತಿದ್ದರು? ಅದು ತಿನ್ನುವ ವಸ್ತುವಿನ ಹೆಸರೂ ಆಗಿದ್ದರೆ ದಯವಿಟ್ಟು ಮೊದಲು ಬರೆಯಿರಿ.