ಸಹಾಯ ಬೇಕು: ಲೆಕ್ಕದಲ್ಲಿ ಲಾಭ ಇದೆ, ಗಲ್ಲಾದಲ್ಲಿ ದುಡ್ಡಿಲ್ಲ

ನಮಸ್ಕಾರ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕ ನಮ್ಮದು, ಆರೇ ಮಷೀನು. ಅಪ್ಪಾಜಿ ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಬರೆಯುತ್ತಿದ್ದರು, ಈ ವರ್ಷದಿಂದ ನಾನು ಕಂಪ್ಯೂಟರಿನಲ್ಲಿ, ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಹಾಕುತ್ತಿದ್ದೇನೆ. ಮಾರ್ಚ್ ಕೊನೆಗೆ 1,80,000 ಲಾಭ ತೋರಿಸುತ್ತಿದೆ. ಗಲ್ಲಾ ತೆಗೆದರೆ ಚಿಲ್ಲರೆ ಮಾತ್ರ!

95,000 ಉದ್ರಿ ಹೊರಗಿದೆ. ಬಿಲ್ ಹಾಕಿದ ದಿನವೇ ಅದು ಮಾರಾಟಕ್ಕೆ ಸೇರುತ್ತದೆ, ಅದು ಗೊತ್ತು. ಓವರ್‌ಲಾಕ್ ಮಷೀನಿಗೆ ಕೊಟ್ಟ 42,000 ಖರ್ಚಿಗೆ ಹಾಕದೆ ಆಸ್ತಿಗೆ ಹಾಕಿದೆ, ಸರಿ ಅಲ್ವಾ? ಸವಕಳಿ, ಅಂದರೆ ಮಷೀನು ಸವೆದಂತೆ ವರ್ಷವರ್ಷ ಖರ್ಚಿಗೆ ಹಾಕುವ ಪಾಲು, ಇನ್ನೂ ಹಿಡಿದಿಲ್ಲ.

ಉಳಿದದ್ದು ಮನೆಗೇ ಹೋಗಿರಬೇಕು. ರೇಷನ್ನು, ತಂಗಿ ಫೀಸು, ಎಲ್ಲಾ ಗಲ್ಲಾದಿಂದಲೇ ತೆಗೆದದ್ದು, ಎಲ್ಲೂ ಬರೆದಿಲ್ಲ. ಅದನ್ನು ಡ್ರಾಯಿಂಗ್ಸ್ (ಮಾಲೀಕರು ಸ್ವಂತಕ್ಕೆ ತೆಗೆದ ದುಡ್ಡು) ಅಂತ ಬಂಡವಾಳದಲ್ಲಿ ಕಳೆಯಬೇಕಾ? ಚೀಟಿಗಳಿಲ್ಲ. ಒಟ್ಟಿಗೆ ಒಂದೇ ಎಂಟ್ರಿ ಹಾಕಿದರೆ ನಡೆಯುತ್ತಾ?

ಗೊತ್ತಿದ್ದವರು ಸ್ವಲ್ಪ ಹೇಳಿ. ಅಪ್ಪಾಜಿ ದಿನಾ ಕೇಳುತ್ತಿದ್ದಾರೆ, ‘ಎಲ್ಲಪ್ಪಾ ನಿನ್ನ ಲಾಭ?’ ಅಂತ.