ತಮ್ಮ ಗದಗಿಗೆ ಯಾಕೆ ಬರಲಿಲ್ಲ

ಗುಂಪು: ನಮ್ಮ ಮನೆತನ, ಹುಬ್ಬಳ್ಳಿ
(ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ)

ಸೋಮವಾರ

ಕಾಕಾ, ಬೆಳಿಗ್ಗೆ 5:48
[ಫಾರ್ವರ್ಡ್ ಆದದ್ದು] ರಾತ್ರಿ ಪಾಳಿ ಮಾಡುವವರೇ, ಚಿಂತೆ ಬಿಡಿ! ಒಂದೇ ವಾರದಲ್ಲಿ ದೇಹ ಹೊಂದಿಕೊಳ್ಳುತ್ತದೆ. ಹಗಲಿನ ನಿದ್ದೆಯೂ ನಿದ್ದೆಯೇ. ಎಂಟು ತಾಸು ಮಲಗಿ, ಗಟ್ಟಿಮುಟ್ಟಾಗಿರಿ. ಸೋಮಾರಿತನಕ್ಕೆ ಶಿಫ್ಟಿನ ನೆಪ ಬೇಡ. ಹತ್ತು ಮಂದಿಗೆ ಕಳಿಸಿ.

ಕಾಕಾ, 5:51
ಇದನ್ನು ನಮ್ಮ ಮನೆಯಲ್ಲಿ ಒಬ್ಬರು ಓದಲೇಬೇಕು. ನಿನ್ನೆ ಗದಗಿನಲ್ಲಿ ಮನೆ ಶಾಂತಿ ಇತ್ತು. ಬೆಳಗಾವಿಯಿಂದ ಬಂದವರಿದ್ದರು. ಹುಬ್ಬಳ್ಳಿಯಿಂದ ಬರಲು ಒಬ್ಬನಿಗೆ ಆಗಲಿಲ್ಲ.

ತಮ್ಮನ ಹೆಂಡತಿ, 8:10
ಕಾಕಾ, ಅವರು ನಿನ್ನೆ ಬೆಳಿಗ್ಗೆ 7ಕ್ಕೆ ಡ್ಯೂಟಿ ಮುಗಿಸಿ ಬಂದಿದ್ದರು. ರಾತ್ರಿ 11ಕ್ಕೆ ಮತ್ತೆ ಹೋಗಬೇಕಿತ್ತು. ಬೈಕ್ ಹತ್ತಲು ನಾನೇ ಬಿಡಲಿಲ್ಲ. ತಪ್ಪು ನನ್ನದು.

ಕಾಕಾ, 8:14
ನಿನ್ನ ತಪ್ಪಲ್ಲವ್ವಾ. ನಾನು ಗೂಡ್ಸ್ ಗಾಡಿಯಲ್ಲಿ ಗಾರ್ಡ್ ಆಗಿ 31 ವರ್ಷ ದುಡಿದವನು. ರಾತ್ರಿ ಎಷ್ಟು ಗಂಟೆಗೆ ಕರೆ ಬಂದರೂ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಿದ್ದೆ. ಆದರೂ ಒಂದು ಮದುವೆ ತಪ್ಪಿಸಲಿಲ್ಲ. ಹಗಲು ಮಲಗಿದರೆ ಆಯಿತು. ನಿದ್ದೆ ಅಂದರೆ ನಿದ್ದೆ, ಅಲ್ವಾ?

ನಾನು, 8:31
ಕಾಕಾ, ನೀವು ಬೇಜಾರಾಗಿದ್ದೀರಿ, ಗೊತ್ತು. ಆದರೆ ಈ ಮೆಸೇಜ್ ತಪ್ಪು. ಹದಿನಾಲ್ಕು ವರ್ಷ ನರ್ಸ್ ಆಗಿ ನೈಟ್ ಮಾಡಿದ್ದೇನೆ, ಇದಕ್ಕೆ ಸುಮ್ನೆ ಇರಲಾರೆ.

ನಮ್ಮ ವಾರ್ಡಿನಲ್ಲಿ ಕಾರ್ಟಿಸೋಲ್ ಅಂತ ಒಂದು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಒತ್ತಡದ ಹಾರ್ಮೋನ್ ಅನ್ನುತ್ತಾರಲ್ಲ, ಅದೇ. ಆ ಬಾಟಲಿ ಮೇಲೆ ರಕ್ತ ತೆಗೆದ ಟೈಮ್ ಬರೆಯದಿದ್ದರೆ ರಿಪೋರ್ಟಿಗೆ ಅರ್ಥವೇ ಇಲ್ಲ. ಬೆಳಿಗ್ಗೆ 8ಕ್ಕೆ ಇದ್ದದ್ದು ಸಂಜೆ 4ಕ್ಕೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ನಡುರಾತ್ರಿ ಹೊತ್ತಿಗೆ ತಳ ಕಾಣುತ್ತದೆ. ಬೆಳಗಿನ ಜಾವ ನಾವು ಇನ್ನೂ ಮಲಗಿರುವಾಗಲೇ ಮತ್ತೆ ಏರುತ್ತದೆ. ಎದ್ದ ಮೇಲೆ ಅರ್ಧ, ಮುಕ್ಕಾಲು ತಾಸು ಇನ್ನಷ್ಟು ಏರುತ್ತದೆ. ಅದು ಕೆಟ್ಟದ್ದಲ್ಲ ಕಾಕಾ. ರಕ್ತಕ್ಕೆ ಸಕ್ಕರೆ ಬಿಟ್ಟು, ಮೈ ಎಬ್ಬಿಸಿ, ಕೆಲಸಕ್ಕೆ ಹಚ್ಚುವುದು ಅದೇ.

ಈಗ ತಮ್ಮನನ್ನು ನೋಡಿ. ಅದು ತಳದಲ್ಲಿರುವ ಹೊತ್ತಿನಲ್ಲಿ ಅವನು ಮಷಿನ್ ಮುಂದೆ ನಿಂತಿರುತ್ತಾನೆ. ಅದು ಏರಿ ನಿಂತಾಗ ಹಾಸಿಗೆ ಹಾಸುತ್ತಾನೆ. ಕೆಳಗೆ ಒಲೆ ಉರಿಯುತ್ತಿರುವಾಗ ಹಾಲು ಆರಲಿ ಎಂದು ಕಾದ ಹಾಗೆ.

ಧಾರವಾಡ ಅಣ್ಣ, 8:44
ತಂಗಿ, ನಾನೂ ಸಂಜೆ 6ರಿಂದ ರಾತ್ರಿ 3ರವರೆಗೆ ಅಮೆರಿಕದವರ ಜೊತೆ ಕೆಲಸ ಮಾಡುತ್ತೇನೆ. ನಾಲ್ಕು ವರ್ಷ ಆಯಿತು, ರೂಢಿ ಆಗಿದೆ. ಗಡಿಯಾರ ತಿರುಗಿಸಿದರೆ ತಿರುಗುತ್ತದೆ.

ನಾನು, 8:57
ಅಣ್ಣಾ, ನೀವು 4 ಗಂಟೆಗೆ ಕತ್ತಲಲ್ಲೇ ಮಲಗುತ್ತೀರಿ. ಅದೂ ಕಷ್ಟವೇ, ಆದರೆ ಇವನದು ಬೇರೆ. ಇವನು ಬಿಸಿಲಿನಲ್ಲಿ ಮನೆಗೆ ಬರುತ್ತಾನೆ. ದೇಹದ ಮುಖ್ಯ ಗಡಿಯಾರ ಮಿದುಳಿನಲ್ಲಿ, ಎರಡೂ ಕಣ್ಣಿನ ನರಗಳು ಒಂದರ ಮೇಲೊಂದು ದಾಟುವ ಜಾಗದ ಮೇಲೆಯೇ ಇದೆ. ಅದು ಬೆಳಕು ನೋಡಿ ಹೊತ್ತು ತಿಳಿಯುತ್ತದೆ, ಶಿಫ್ಟ್ ಚೀಟಿ ನೋಡಿ ಅಲ್ಲ. ತಾರಿಹಾಳದ ಕಂಪನಿಯಿಂದ ಮನೆಗೆ ಬರುವಷ್ಟರಲ್ಲಿ ಸೂರ್ಯ ಅದಕ್ಕೆ "ಬೆಳಗಾಯಿತು" ಎಂದು ಹೇಳಿಬಿಟ್ಟಿರುತ್ತಾನೆ. ಕಾಯಂ ನೈಟ್ ಮಾಡುವವರಲ್ಲೂ ಈ ಗಡಿಯಾರ ಪೂರ್ತಿ ತಿರುಗುವುದು ಬಹಳ ಕಡಿಮೆ ಮಂದಿಗೆ. ಒಂದು ವಾರದಲ್ಲಿ ಹೇಗೆ ತಿರುಗೀತು?

ಮತ್ತೆ ಅವನ ಕಂಪನಿಯಲ್ಲಿ ಪಾಳಿ ಉಲ್ಟಾ ಹಾಕುತ್ತಾರೆ. ಈ ವಾರ ನೈಟ್, ಮುಂದಿನ ವಾರ ಮಧ್ಯಾಹ್ನದ ಸೆಕೆಂಡ್, ಆಮೇಲೆ ಬೆಳಗಿನ ಫಸ್ಟ್. ನಮ್ಮೊಳಗಿನ ಗಡಿಯಾರದ ದಿನ 24 ತಾಸಿಗಿಂತ ಸ್ವಲ್ಪ ಉದ್ದ. ಹಾಗಾಗಿ ಮುಂದಕ್ಕೆ, ಅಂದರೆ ತಡವಾದ ಹೊತ್ತಿಗೆ, ಜರುಗುವುದು ಸುಲಭ, ಹಿಂದಕ್ಕೆ ಕಷ್ಟ. ಫಸ್ಟ್, ಸೆಕೆಂಡ್, ನೈಟ್ ಅಂತ ಹಾಕಿದ್ದರೆ ಅಷ್ಟಾದರೂ ಹಗುರ ಆಗುತ್ತಿತ್ತು. ಇದನ್ನು ಅವರಿಗೆ ಹೇಳುವವರು ಯಾರು? ನನಗೆ ಸಿಟ್ಟು ಬರುವುದು ಅಲ್ಲಿಯೇ.

ಧಾರವಾಡ ಅಣ್ಣ, 9:05
ನೈಟ್ ಡ್ಯೂಟಿಗೂ ಕ್ಯಾನ್ಸರಿಗೂ ಸಂಬಂಧ ಇದೆ ಅಂತ ಓದಿದ್ದೆ. ಅದೂ ಫಾರ್ವರ್ಡೇ ಇರಬೇಕು.

ನಾನು, 9:12
ಅಲ್ಲ ಅಣ್ಣಾ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲಿ ಹಾಗೆ ಹೇಳಿತು, 2019ರಲ್ಲಿ ಮತ್ತೆ ನೋಡಿ ಅದನ್ನೇ ಹೇಳಿತು. ಆದರೆ ಅವರ ಮಾತು "ಬಹುಶಃ" ಎಂಬ ಗುಂಪಿನದು, ಖಚಿತ ಅಂತಲ್ಲ. ಅದನ್ನು ಹೇಳಿ ತಮ್ಮನ ಹೆಂಡತಿಯನ್ನು ಹೆದರಿಸುವುದು ಬೇಡ. ನಿದ್ದೆ ಮೊದಲು ಸರಿ ಮಾಡೋಣ.

ಕಾಕಾ, 9:20
ಗಡಿಯಾರ, ಹಾರ್ಮೋನು, ಎಲ್ಲಾ ಇರಲಿ. ನನಗೆ ಏನೂ ಆಗಲಿಲ್ಲವಲ್ಲ?

ಕಾಕು, 9:41
ನಾನು ಈ ಗುಂಪಿನಲ್ಲಿ ಬರೆಯುವುದು ಕಡಿಮೆ. ಇವತ್ತು ಬರೆಯುತ್ತೇನೆ.

ನಿಮಗೆ ಏನೂ ಆಗಲಿಲ್ಲ ಅನ್ನುತ್ತೀರಿ. ನೀವು ಮಲಗಿದ ದಿನ ಕಿಟಕಿಗೆ ಎರಡು ಕೌದಿ ಕಟ್ಟುತ್ತಿದ್ದೆ. ಹಾಲಿನವನಿಗೆ ಗಂಟೆ ಬಾರಿಸಬೇಡ ಅಂತ ಹೇಳಿದ್ದೆ. ರೊಟ್ಟಿ ಬಡಿದರೆ ಸಪ್ಪಳ ಆಗುತ್ತದೆ ಅಂತ ಪಕ್ಕದ ಕ್ವಾರ್ಟರ್ಸಿಗೆ ಹಿಟ್ಟು ಒಯ್ದು ಬಡಿದು ತರುತ್ತಿದ್ದೆ. ಮಕ್ಕಳನ್ನು ಮಧ್ಯಾಹ್ನದವರೆಗೆ ಹೊರಗೆ ಇಡುತ್ತಿದ್ದೆ, ಬಿಸಿಲಿನಲ್ಲಿ. ಅಷ್ಟು ಮಾಡಿದರೂ ನಾಲ್ಕೈದು ತಾಸಿಗೆ ಎದ್ದು ಕೂರುತ್ತಿದ್ದಿರಿ. ಒಮ್ಮೆ ಚಾದಲ್ಲಿ ಸಕ್ಕರೆ ಕಡಿಮೆ ಆಯಿತು ಅಂತ ಕಪ್ಪು ಎಸೆದದ್ದು ನೆನಪಿದೆಯೇ? ನಿಮ್ಮ ಮೈ ಏನೂ ಹೊಂದಿಕೊಳ್ಳಲಿಲ್ಲ. ಹೊಂದಿಕೊಂಡದ್ದು ಮನೆ.

ಕಾಕು, 9:43
ಕ್ಯಾಸಲ್‌ರಾಕ್ ಘಾಟಿನಲ್ಲಿ ಬೆಳಗಿನ 4 ಗಂಟೆಗೆ ಕಣ್ಣಿಗೆ ನೀರು ಹೊಡೆದುಕೊಳ್ಳುತ್ತಿದ್ದೆ ಅಂತ ನೀವೇ ಹೇಳಿದ್ದೀರಿ.

ನಾನು, 10:02
ಆ ಹೊತ್ತಿನಲ್ಲಿ ಮೈ ಕಾವು ಅತಿ ಕಡಿಮೆ, ತೂಕಡಿಕೆ ಜೋರು ಇರುತ್ತದೆ ಕಾಕು. ಎಲ್ಲರಿಗೂ ಹಾಗೇ. ನಾವು ನರ್ಸುಗಳು 4 ಗಂಟೆಗೆ ಇಂಜೆಕ್ಷನ್ ಲೆಕ್ಕ ಎರಡೆರಡು ಸಲ ನೋಡುವುದು ಅದಕ್ಕೇ.

ಕಾಕಾ, 10:26
ಆ ಕಪ್ಪಿನ ವಿಷಯ ಗುಂಪಿನಲ್ಲಿ ಹಾಕಬೇಕಿರಲಿಲ್ಲ.

ಕಾಕಾ, 10:40
ಆದರೆ ಖರೆ.

ಕಾಕಾ, 10:44
ಹಗಲಿನ ನಿದ್ದೆಯೂ ನಿದ್ದೆಯೇ ಅನ್ನುವುದು ಸುಳ್ಳು ಅಂತ ಮಾತ್ರ ನಾನು ಒಪ್ಪುವುದಿಲ್ಲ. ಅದೂ ಇಲ್ಲದಿದ್ದರೆ ನಾನು ಬದುಕುತ್ತಿರಲಿಲ್ಲ.

ನಾನು, 10:49
ಅದು ನಾನೂ ಒಪ್ಪುತ್ತೇನೆ ಕಾಕಾ. ಆದರೆ ಅದು ಬೇಗ ಮುರಿಯುತ್ತದೆ, ಕಾಯಬೇಕು. ತಮ್ಮನಿಗೆ ನಾನು ಹೇಳಿರುವುದು ಇಷ್ಟೇ. ನಡುರಾತ್ರಿ ಭಾರಿ ಊಟ ಬೇಡ. ಚಾ 2 ಗಂಟೆಗೆ ಕೊನೆ, ಯಾಕೆಂದರೆ ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು 5 ತಾಸು ಬೇಕು. ಬರುವಾಗ ಕಪ್ಪು ಕನ್ನಡಕ, ಆದರೆ ತೂಕಡಿಕೆ ಇದ್ದರೆ ಬೈಕ್ ಮುಟ್ಟಬಾರದು, ಅಲ್ಲೇ 20 ನಿಮಿಷ ಮಲಗಿ ಹೊರಡಬೇಕು. ಕೋಣೆ ಕತ್ತಲಿರಬೇಕು. ಕತ್ತಲಿನ ಕೆಲಸ ಇನ್ನೂ ಆಗಿಲ್ಲ, ಅವರ ಮನೆ ಕಿಟಕಿ ಪೂರ್ವಕ್ಕಿದೆ.

ತಮ್ಮ, 11:08
ಅಕ್ಕಾ, ಫೋನ್ ಟಣ್ ಟಣ್ ಅಂದಿದ್ದಕ್ಕೆ ಎಚ್ಚರ ಆಯಿತು. 8:30ಕ್ಕೆ ಮಲಗಿದ್ದೆ. ಕಾಕಾ, ಗದಗಿಗೆ ಬರಬೇಕು ಅಂತ ಅಂಗಿ ಇಸ್ತ್ರಿ ಮಾಡಿಸಿದ್ದೆ. ತಪ್ಪಾಯಿತು.

ಕಾಕಾ, 11:09
ಫೋನ್ ಬಂದ್ ಮಾಡಿ ಮಲಗು ತಮ್ಮಾ. ಸಂಜೆ 5ರವರೆಗೆ ಇಲ್ಲಿ ಯಾರೂ ಏನೂ ಹಾಕಬೇಡಿ.

ಕಾಕಾ, ಸಂಜೆ 5:02
ಎದ್ದೆಯಾ? ಶಾಂತಿಯ ಫೋಟೋ ಕಳಿಸುತ್ತಿದ್ದೇನೆ. ನಾಳೆ ನಿನ್ನ ಕಾಕು ದುರ್ಗದಬೈಲಿನಲ್ಲಿ ದಪ್ಪನೆಯ ಕಪ್ಪು ಬಟ್ಟೆ ನೋಡಿ ಬರುತ್ತಾಳಂತೆ. ಕಿಟಕಿಯ ಅಳತೆ ಕಳಿಸು.